ನೂಲಿನ ಧೂಳಿನ ದೂರು

ಹವಳ ಬೆಳೆಯದಿರುವುದಕ್ಕೆ ಹೆಂಡತಿಯೇ ಕಾರಣ ಎಂದು ಅಳತೆಯವರು ತೀರ್ಮಾನಿಸಿ ಮೂರು ವರ್ಷವಾಗಿತ್ತು.

ಅಳತೆಯವರು ಎಂಬುದು ಬೀದಿಯವರು ಇಟ್ಟ ಹೆಸರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಸರಿಯಿವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಸರ್ಕಾರಿ ಕೆಲಸ. ಹತ್ತು ಗ್ರಾಂ ವ್ಯತ್ಯಾಸ ಬಂದರೂ ಬಿಡುವವರಲ್ಲ. ಅವರ ಮನೆಯ ಹಾಲ್‌ನಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಅವರೇ ಕದಡಿ ಹಾಕಿದ ಉಪ್ಪುನೀರು, ಮೇಲೆ ನೀಲಿ ದೀಪ, ಅಲೆ ಎಬ್ಬಿಸುವ ಪಂಪು, ಕಲ್ಲಿಗೆ ಅಂಟಿಸಿದ ಹನ್ನೊಂದು ಹವಳದ ತುಂಡುಗಳು. ತಂದಾಗ ಹೆಬ್ಬೆರಳಿನಷ್ಟಿದ್ದವು. ಎರಡು ವರ್ಷದಲ್ಲಿ ಕವಲೊಡೆದು ಅಂಗೈಯಗಲ ಆಗಬೇಕಿದ್ದವು ಹೆಬ್ಬೆರಳಿನಷ್ಟೇ ಉಳಿದವು. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ.

ಮೊದಲು ದೀಪ ಬದಲಿಸಿದರು. ಆಮೇಲೆ ಪಂಪು. ದಿನಾ ಬೆಳಗ್ಗೆ ನೀರು ಪರೀಕ್ಷಿಸಿ ದಪ್ಪ ಪುಸ್ತಕದಲ್ಲಿ ಬರೆದಿಟ್ಟರು. ಪುಸ್ತಕದ ಪ್ರಕಾರ ಎಲ್ಲವೂ ಸರಿ. ನೀರಿನಲ್ಲಿ ತಪ್ಪಿಲ್ಲವೆಂದ ಮೇಲೆ ತಪ್ಪು ಮನೆಯಲ್ಲೇ ಇರಬೇಕು. ಅವರ ಕಣ್ಣು ಅಡುಗೆಮನೆಯತ್ತ ಹೊರಳಿತು. ಒಗ್ಗರಣೆಯ ಹೊಗೆ ನೀರಿಗಿಳಿಯುತ್ತದೆ ಎಂದರು. ಆಕೆ ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿಕೊಂಡು ಬೆವರಿದಳು. ನೆಲ ಒರೆಸುವ ದ್ರಾವಣ ಬೇಡ ಎಂದರು. ಬರೀ ನೀರಲ್ಲಿ ಒರೆಸಿದಳು. ಕೊನೆಗೆ ಮಾತು ಹೊಲಿಗೆ ಮಷೀನಿಗೆ ಬಂತು.

ಮದುವೆಗೆ ಮುಂಚಿನಿಂದ ಆಕೆ ಹೊಲಿಯುತ್ತಿದ್ದವಳು. ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ. ಹಾಲ್‌ನ ಕಿಟಕಿಯ ಬೆಳಕಿನಲ್ಲಿ ಕೂತರೆ ಸೂಜಿಗೆ ದಾರ ಪೋಣಿಸಲು ಕನ್ನಡಕವೂ ಬೇಕಿರಲಿಲ್ಲ. ಆಕೆಯ ಕೈಯಲ್ಲಿ ಹೊಲಿಸಿದವರು ಮತ್ತೊಬ್ಬರ ಹತ್ತಿರ ಹೋಗುತ್ತಿರಲಿಲ್ಲ.

"ಬಟ್ಟೆ ಕತ್ತರಿಸಿದಾಗ ನೂಲಿನ ಧೂಳು ಏಳುತ್ತೆ. ಅದು ನೀರಿಗೆ ಬೀಳುತ್ತೆ. ಜೀವ ಇರೋ ವಸ್ತು, ಉಸಿರು ಕಟ್ಟಲ್ವಾ?" ಎಂದರು ಅಳತೆಯವರು.

"ತೊಟ್ಟಿಗೆ ಮುಚ್ಚಳ ಹಾಕಿದ್ರೆ ಆಗಲ್ವೇನ್ರೀ?"

"ನಾನು ಹೇಳೋದು ಒಂದು, ನೀನು ಹೇಳೋದು ಇನ್ನೊಂದು."

ಮಷೀನು ಮಲಗುವ ಕೋಣೆಗೆ ಹೋಯಿತು. ಆರು ತಿಂಗಳ ಮೇಲೆ ಮೆಟ್ಟಿಲ ತಿರುವಿಗೆ. ಅಲ್ಲಿ ಓಡಾಡುವವರ ಕಾಲಿಗೆ ಬಟ್ಟೆ ಸಿಕ್ಕುತ್ತಿತ್ತು. ಮುಂದಿನ ವರ್ಷ ಅವರೇ ಗಾಡಿ ಮಾಡಿ ಅದನ್ನು ತಮ್ಮ ತಂಗಿಯ ಮನೆಗೆ ಸಾಗಿಸಿದರು. ನಾದಿನಿ ಬಾಗಿಲಲ್ಲಿ ನಿಂತು, "ಇಲ್ಲೇ ಇರಲಿ ಬಿಡಿ ಅತ್ತಿಗೆ, ಎಲ್ಲಿ ಹೋಗುತ್ತೆ?" ಎಂದಳು.

ಬಟ್ಟೆ ಹಿಡಿದು ಬಂದವರನ್ನು ಆಕೆ ಒಬ್ಬೊಬ್ಬರನ್ನಾಗಿ ಹಿಂದೆ ಕಳಿಸಿದಳು. ಕೈ ಸುಮ್ಮನಿರದೆ ಹರಿಯದ ಟವೆಲ್ಲಿಗೂ ಅಂಚು ಹೊಲಿದಳು. ಹವಳ ಬೆಳೆಯಲಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ ಅದನ್ನೇ ಹೇಳಿದಳು.

"ಇಷ್ಟು ವರ್ಷದ ಧೂಳು ಒಂದೇ ದಿನಕ್ಕೆ ಹೋಗಿಬಿಡುತ್ತಾ?" ಎಂದರು ಅವರು, ತಟ್ಟೆಯಿಂದ ತಲೆಯೆತ್ತದೆ.

ಮಷೀನು ಹೋಗಿ ವರ್ಷ ತುಂಬಿದ ಮೇಲೆ ಅಳತೆಯವರು ತರಬೇತಿಗೆಂದು ಹತ್ತು ದಿನ ಬೇರೆ ಊರಿಗೆ ಹೋದರು. ತೊಟ್ಟಿ ನೋಡಿಕೊಳ್ಳುವ ಬಗೆಯನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ನಾಲ್ಕನೆಯ ದಿನ ಒಂದು ಹವಳದ ಬುಡ ಬೆಳ್ಳಗಾಗಿದ್ದು ಆಕೆಗೆ ಕಂಡಿತು. ಇದೂ ತನ್ನ ತಲೆಗೇ ಬರುತ್ತದೆ. ಮುಖ್ಯರಸ್ತೆಯ ಸಾಕುಮೀನಿನ ಅಂಗಡಿಗೆ ಫೋನು ಮಾಡಿದಳು. ಅಂಗಡಿ ನಡೆಸುವಾಕೆಯನ್ನು ಎಲ್ಲರೂ ಮೀನಕ್ಕ ಎನ್ನುತ್ತಿದ್ದರು. ಅದು ಹೆಸರೋ ವ್ಯಾಪಾರವೋ ಯಾರಿಗೂ ಗೊತ್ತಿರಲಿಲ್ಲ.

ಮೀನಕ್ಕ ಚೀಲ ಹೊತ್ತು ಬಂದು, ಸೊಂಟದ ಮೇಲೆ ಕೈಯಿಟ್ಟು ತೊಟ್ಟಿಯನ್ನು ಬಹಳ ಹೊತ್ತು ನೋಡಿದಳು.

"ದೀಪ ಚೆನ್ನಾಗಿದೆ. ಅಲೆ ಚೆನ್ನಾಗಿದೆ. ಯಜಮಾನ್ರು ಉಪ್ಪು ಯಾವುದರಲ್ಲಿ ನೋಡ್ತಾರೆ?"

ಆಕೆ ಡ್ರಾಯರಿನಿಂದ ಮಾಪಕ ತೆಗೆದುಕೊಟ್ಟಳು. ಗೇಣುದ್ದದ ಕೊಳವೆ, ತುದಿಯ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ ಒಳಗೆ ಅಂಕಿ ಕಾಣುತ್ತದೆ. ತೊಟ್ಟಿಯ ನೀರಿಗೆ ಅದು ಮೂವತ್ತೈದು ತೋರಿಸಿತು. ಸಮುದ್ರದ ನೀರಿನಷ್ಟೇ. ಮೀನಕ್ಕ ತನ್ನ ಮಾಪಕ ತೆಗೆದು ಅದೇ ನೀರು ಬಿಟ್ಟಳು. ಇಪ್ಪತ್ತೊಂಬತ್ತು.

"ಯಾವುದು ಸರಿ ಅಕ್ಕ?"

"ಕೇಳೋಣ ಇರು." ಮೀನಕ್ಕ ಚೀಲದಿಂದ ಬಾಟಲಿ ತೆಗೆದಳು. "ಇದು ಬಟ್ಟಿ ಇಳಿಸಿದ ನೀರು. ಇದರಲ್ಲಿ ಏನೂ ಇಲ್ಲ. ಸೊನ್ನೆ ತೋರಿಸಬೇಕು."

ಮೀನಕ್ಕನ ಮಾಪಕ ಸೊನ್ನೆ ತೋರಿಸಿತು. ಮನೆಯ ಮಾಪಕ ಆರು ತೋರಿಸಿತು. ಆಕೆ ತಾನೇ ಕಣ್ಣಿಟ್ಟು ನೋಡಿದಳು. ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು.

"ತಂದಾಗಿನಿಂದ ಇದನ್ನ ಯಾರೂ ಸೊನ್ನೆಗೆ ಹೊಂದಿಸೇ ಇಲ್ಲಮ್ಮ. ನೀರು ತೆಳು. ಉಪ್ಪು ಕಡಿಮೆ ಅಂದ್ರೆ ಅದರಲ್ಲಿ ಬೆರೆತಿರೋ ಸುಣ್ಣಾನೂ ಕಡಿಮೆ. ಹವಳ ಮನೆ ಕಟ್ಟೋದೇ ಸುಣ್ಣದಲ್ಲಿ. ಗಾರೆ ಕೊಡದೆ ಗೋಡೆ ಎಬ್ಬಿಸು ಅಂದ್ರೆ ಅದೇನು ಮಾಡೀತು?"

"ನೂಲಿನ ಧೂಳಿಂದ ಹೀಗಾಗುತ್ತಾ?"

"ಯಾವ ನೂಲು?" ಎಂದಳು ಮೀನಕ್ಕ. ಆಕೆ ಹೇಳಿದಳು. ಮೀನಕ್ಕ ನಗಲು ಹೋದವಳು ಆಕೆಯ ಮುಖ ನೋಡಿ ನಿಲ್ಲಿಸಿದಳು. "ನನ್ನ ಅಂಗಡಿ ಪಕ್ಕ ಹಾಸಿಗೆ ಹೊಲಿಯೋನಿದ್ದಾನೆ. ದಿನಾ ಹತ್ತಿ ಹಾರಿಬರುತ್ತೆ. ನನ್ನ ಹವಳ ಕತ್ತರಿಸಿ ಕತ್ತರಿಸಿ ಮಾರ್ತೀನಿ." ಹೊರಡುವಾಗ ಎಚ್ಚರಿಸಿದಳು, "ಉಪ್ಪು ಒಮ್ಮೆಲೇ ಸುರಿಬೇಡಿ. ಇರೋದೂ ಹೋಗುತ್ತೆ. ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ."

ಅಳತೆಯವರು ಬಂದು ಸ್ನಾನ ಮಾಡಿ ಕೂತ ಮೇಲೆ ಆಕೆ ಎಲ್ಲವನ್ನೂ ಹೇಳಿದಳು. ದನಿ ಏರಿಸಲಿಲ್ಲ. ಸೊನ್ನೆಯ ಜಾಗದಲ್ಲಿ ಆರು ಇದ್ದದ್ದನ್ನು ತಾನೇ ನೋಡಿದೆ ಎಂದಳು.

"ಮೀನು ಮಾರೋಳು ನನಗೆ ಅಳತೆ ಹೇಳಿಕೊಡಬೇಕಾ?" ಎಂದರು ಅವರು. "ಅವಳ ಮಾಪಕವೇ ಕೆಟ್ಟಿರುತ್ತೆ. ಯಾರನ್ನ ಕೇಳಿ ಒಳಗೆ ಸೇರಿಸಿದೆ?"

ಮರುದಿನ ಮಾಪಕ ಡ್ರಾಯರಿನಲ್ಲಿರಲಿಲ್ಲ. ಅವರ ಕಚೇರಿಯ ಚೀಲದಲ್ಲಿತ್ತು. ಮೂರು ದಿನದ ಮೇಲೆ ಮತ್ತೆ ಡ್ರಾಯರಿಗೆ ಬಂತು. ಮೀನಕ್ಕ ಬಿಟ್ಟುಹೋಗಿದ್ದ ಬಾಟಲಿಯ ನೀರನ್ನು ಆಕೆ ಎರಡು ಹನಿ ಬಿಟ್ಟು ನೋಡಿದಳು. ಸೊನ್ನೆ. ಆ ವಾರದಿಂದ ಉಪ್ಪಿನ ಚೀಲ ಬೇಗ ಖಾಲಿಯಾಗತೊಡಗಿತು. ಅವರೇನಾದರೂ ಹೇಳುತ್ತಾರೆಂದು ಆಕೆ ಕಾದಳು. ತಪ್ಪಾಯಿತು ಎನ್ನುವುದು ಬೇಡ, ಮಷೀನು ತರೋಣ ಎಂದರೂ ಸಾಕಿತ್ತು. ಅವರು ದಿನಾ ಬೆಳಗ್ಗೆ ಪುಸ್ತಕದಲ್ಲಿ ಅಂಕಿ ಬರೆದು ಕಚೇರಿಗೆ ಹೋದರು.

ಐದು ತಿಂಗಳಲ್ಲಿ ಹವಳದ ತುದಿಗಳಲ್ಲಿ ಬಿಳಿ ಮೊಗ್ಗು ಮೂಡಿ, ಮೊಗ್ಗು ಬೆರಳಾಗಿ, ಬೆರಳು ಕವಲೊಡೆಯಿತು. ಅದನ್ನು ತೋರಿಸಲು ಅಳತೆಯವರು ಕಚೇರಿಯ ನಾಲ್ವರನ್ನು ಮನೆಗೆ ಕರೆದರು. ಆಕೆ ಚಹಾ ತಂದಾಗ ಅವರು ಹೇಳುತ್ತಿದ್ದರು:

"ಕಾರಣ ಹುಡುಕೋಕೆ ತಾಳ್ಮೆ ಬೇಕು. ಮನೇಲಿ ಹೊಲಿಗೆ ಮಷೀನಿತ್ತು. ನೂಲಿನ ಧೂಳು. ಅದನ್ನ ಆಚೆ ಹಾಕಿದ್ಮೇಲೆ ನೋಡಿ ಹೇಗೆ ಬಂದಿದೆ."

ಆಕೆ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಮಷೀನು ಹೋಗಿ ಒಂದೂವರೆ ವರ್ಷ ಆಯ್ತು," ಎಂದಳು ಅತಿಥಿಗಳಿಗೆ. "ಹವಳ ಬೆಳೆದಿದ್ದು ಈ ಐದು ತಿಂಗಳಲ್ಲಿ. ಇವರ ಮಾಪಕ ಆರು ಜಾಸ್ತಿ ತೋರಿಸ್ತಿತ್ತು. ಅದನ್ನ ಸರಿಮಾಡಿದ್ಮೇಲೆ ಬೆಳೀತು."

ಹಿರಿಯ ಅಧಿಕಾರಿ ಒಂದು ಗುಟುಕು ಕುಡಿದು, "ಚಹಾ ಚೆನ್ನಾಗಿದೆಯಮ್ಮ," ಎಂದರು. ಉಳಿದವರು ಲೋಟದೊಳಗೆ ನೋಡಿಕೊಂಡರು.

ಅವರು ಹೋದ ಮೇಲೆ ಅಳತೆಯವರು ಬಾಗಿಲು ಹಾಕಿ ಅಲ್ಲೇ ನಿಂತರು. "ನಾಲ್ಕು ಜನರೆದುರು ಮಾನ ತೆಗೆದೆಯಲ್ಲ."

"ನಾಲ್ಕು ಜನ ಇಲ್ಲದಾಗಲೇ ಹೇಳಿದ್ದೆ. ಆಗ ನಿಮಗೆ ಕೇಳಿಸಲಿಲ್ಲ."

ಮರುದಿನ ಆಕೆ ನಾದಿನಿಯ ಮನೆಗೆ ಹೋದಳು. ನಾದಿನಿ ಕುರ್ಚಿ ಎಳೆದು ಕೂರಿಸಿ, ಸೆರಗಿನ ತುದಿ ತಿರುವುತ್ತಾ, "ಅದನ್ನ ಕೊಟ್ಟುಬಿಟ್ವಿ ಅತ್ತಿಗೆ. ಜಾಗ ಸಾಲದೆ. ಇನ್ನು ನಿಮಗೆ ಬೇಕಾಗಲ್ಲ ಅಂತ ಅಣ್ಣನೇ ಹೇಳಿದ್ರು," ಎಂದಳು.

ಹಳೆಯ ಗಿರಾಕಿಗಳು ಕಾದಿರಲಿಲ್ಲ, ಯಾಕೆ ಕಾಯಬೇಕು? ಆಕೆ ಆಸ್ಪತ್ರೆಗಳಿಗೆ ಹಾಸುಬಟ್ಟೆ ಹೊಲಿದುಕೊಡುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಮೂವತ್ತು ಮಷೀನುಗಳ ಸದ್ದಿನಲ್ಲಿ ದಿನವಿಡೀ ಒಂದೇ ನೇರ ಹೊಲಿಗೆ. ಬೇಕೆಂದ ಕಡೆ ನೆರಿಗೆ ಹಿಡಿದ ಕೈಗೆ ಅದು ಕೆಲಸವೇ ಅಲ್ಲ. ಆದರೂ ಹೋಗುತ್ತಿದ್ದಳು. ಮನೆಯಲ್ಲಿ ಅವರ ಊಟ ಮುಚ್ಚಿಟ್ಟಿರುತ್ತಿತ್ತು.

ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಪಕ್ಕದ ಮನೆಯಾಕೆ ಸಿಕ್ಕಳು. "ನಿಮ್ಮೆಜಮಾನ್ರು ಎಷ್ಟು ಒಳ್ಳೆಯವರು. ಮನೇಲಿ ಕೂತು ಬೇಜಾರಾಗುತ್ತೆ ಪಾಪ ಅಂತ ಅವರೇ ನಿಮ್ಮನ್ನ ಕೆಲಸಕ್ಕೆ ಕಳಿಸ್ತಿದ್ದಾರಂತೆ."

"ಅವರು ಕಳಿಸಿದ್ದಲ್ಲ..." ಎಂದು ಆಕೆ ಶುರುಮಾಡಿದಳು. ಅಷ್ಟರಲ್ಲಿ ಬಸ್ಸು ಬಂತು. ಹತ್ತಿ, ಹಿಂದಿನ ಸೀಟಿನಲ್ಲಿ ಕೂತಳು.