ಭಾವನ ಬಲಗಿವಿ

ನಮ್ಮ ಭಾವನ ಎರಡು ಕಿವಿಗಳಲ್ಲಿ ಎಡಗಿವಿ ಮಾತ್ರ ಸಂಸಾರಕ್ಕೆ ಸೇರಿದ್ದು. ಬಲಗಿವಿಯನ್ನು ಅವರು ಬಹಳ ಹಿಂದೆಯೇ ಪಾಡ್‌ಕಾಸ್ಟುಗಳಿಗೆ ಬರೆದುಕೊಟ್ಟಿದ್ದರು. ಮನೆಗೆ ಯಾರೇ ಬರಲಿ, ಆಕಾಶವೇ ಕಳಚಿ ಬೀಳಲಿ, ಆ ಕಿವಿಯೊಳಗಿನ ಇಯರ್‌ಫೋನು ಹೊರಗೆ ಬರುತ್ತಿರಲಿಲ್ಲ. ಅವರೊಡನೆ ಮಾತಾಡಬೇಕೆನ್ನುವವರು ತಾವಾಗಿಯೇ ಎಡಬದಿಗೆ ಸರಿದು ಕೂರುತ್ತಿದ್ದುದರಿಂದ, ಸೋಫಾದ ಒಂದು ತುದಿ ಸವೆದು ತಗ್ಗಾಗಿ, ಇನ್ನೊಂದು ತುದಿ ಅಂಗಡಿಯಿಂದ ತಂದ ದಿನದಂತೆಯೇ ಉಬ್ಬಿಕೊಂಡಿತ್ತು. "ಇವರ ಬಲಗಡೆ ನಾನು ನಿಂತಿದ್ದು ಮದುವೆ ಫೋಟೋದಲ್ಲಿ ಒಂದೇ ಸಲ ಕಣೋ" ಎಂದು ಅಕ್ಕ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಭಾವನ ವೃತ್ತಿ ಕೃತಕ ದಂತಪಂಕ್ತಿಗಳನ್ನು ಮಾಡುವುದು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸಿದರೆ, ಮನೆಯ ಹಿಂಬದಿಯ ಕೋಣೆಯಲ್ಲಿ ಕುಳಿತು ಮೇಣದ ಮೇಲೆ ಹಲ್ಲುಗಳನ್ನು ಜೋಡಿಸಿ, ಅದನ್ನು ಪ್ಲಾಸ್ಟರಿನ ಅಚ್ಚಿನೊಳಗೆ ಹುದುಗಿಸಿ, ಮೇಣ ಕರಗಿ ಹೋದ ಜಾಗಕ್ಕೆ ಗುಲಾಬಿ ಬಣ್ಣದ ವಸಡನ್ನು ತುಂಬಿ ಬೇಯಿಸಿ, ಕೊನೆಗೆ ಅಚ್ಚನ್ನು ಒಡೆದು ಹಲ್ಲಿನ ಸೆಟ್ಟನ್ನು ಹೊರತೆಗೆಯುತ್ತಿದ್ದರು. ಅಚ್ಚು ಒಡೆಯದೆ ಸೆಟ್ಟು ಕೈಗೆ ಬಾರದು. ಒಡೆದ ಚೂರುಗಳು ಕಸದ ಡಬ್ಬಿಗೆ. ಆಮೇಲೆ ಉಜ್ಜುವ ಮೋಟಾರಿನ ಮುಂದೆ ಕೂತು, ಎಲ್ಲಿ ಉಬ್ಬು ಕಂಡರೆ ಅಲ್ಲಿ ಸವರಿ, ನಾಲಿಗೆಗೆ ಒಂದಿಷ್ಟೂ ತೊಡಕಾಗದಂತೆ ನುಣುಪು ಮಾಡುವುದು. ಕೈಗೆ ತುಂಬ ಕೆಲಸ, ಕಿವಿಗೆ ಏನೂ ಇಲ್ಲ. ಹೀಗಾಗಿ ಅವರು ಕೇಳುಗರಾದರು. ಸದಾ ಪ್ಲಾಸ್ಟರಿನ ಹುಡಿ ಮೆತ್ತಿದ ಬಿಳಿಯ ಕೋಟು, ಅದರ ಜೇಬಿನಲ್ಲಿ ಫೋನು. ವೈರು ಮೋಟಾರಿಗೆ ಸಿಕ್ಕಿಕೊಳ್ಳಬಾರದೆಂದು ಅಕ್ಕ ಕೋಟಿನ ಎದೆಯ ಮೇಲೆ ಅದನ್ನು ತೂರಿಸಲು ಹೆಚ್ಚುವರಿಯಾಗಿ ಒಂದು ಕಾಜಾ ಹೊಲಿದುಕೊಟ್ಟಿದ್ದಳು.

ಅವರ ನಡಿಗೆಯಿಂದಲೇ ಕಿವಿಯಲ್ಲಿ ಏನು ನಡೆಯುತ್ತಿದೆಯೆಂದು ಹೇಳಬಹುದಾಗಿತ್ತು. ಕಥೆ ಸಾವಧಾನವಾಗಿದ್ದರೆ ಹೆಜ್ಜೆಯೂ ಸಾವಧಾನ. ರೋಚಕ ಘಟ್ಟ ಬಂದರೆ ನಡುರಸ್ತೆಯಲ್ಲೇ ಗಕ್ಕನೆ ನಿಂತುಬಿಡುತ್ತಿದ್ದರು, ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಸುತ್ತಿ ಹೋಗಬೇಕಾಗಿತ್ತು. ಹಳೆಯ ಬೀಗಗಳ ಚರಿತ್ರೆಯನ್ನು ವಾರಕ್ಕೊಂದರಂತೆ ಬಿಡಿಸಿ ಹೇಳುವ ಬೀಗ ರಿಪೇರಿಯವನೊಬ್ಬ, ಸಣ್ಣಪುಟ್ಟ ವ್ಯಾಜ್ಯಗಳನ್ನಷ್ಟೇ ಆರಿಸಿ ಕಥೆ ಮಾಡುವ ನಿವೃತ್ತ ನ್ಯಾಯಾಧೀಶೆಯೊಬ್ಬರು, ಸಮುದ್ರತಳದ ಜೀವಿಗಳ ಬಗ್ಗೆ ಪಿಸುದನಿಯಲ್ಲಿ ಮಾತಾಡುವ ವಿಜ್ಞಾನಿ, ಇದ್ದ ಕೆಲಸ ಬಿಟ್ಟವರನ್ನೇ ಹುಡುಕಿ ಹುಡುಕಿ ಮಾತಾಡಿಸುವ ಒಬ್ಬ ಹೆಂಗಸು: ಇವರೆಲ್ಲ ಭಾವನ ಪಾಲಿಗೆ ಬಂಧುಬಳಗ. ಬೀಗದಣ್ಣ, ಜಡ್ಜಮ್ಮ ಎಂದೇ ಅವರ ಉಲ್ಲೇಖ. "ನಮ್ಮ ಜಡ್ಜಮ್ಮಂಗೆ ಈ ವಾರ ನೆಗಡಿ ಕಣಯ್ಯ, ಮಾತು ಮೂಗಲ್ಲೇ ಉಳೀತಿದೆ, ಪಾಪ" ಎಂದು ಒಮ್ಮೆ ನಿಜವಾದ ಕಳವಳದಿಂದ ನನಗೆ ಹೇಳಿದ್ದರು.

ಯಾವುದನ್ನು ತಪ್ಪದೆ ಕೇಳಬೇಕು, ಯಾವುದು ಕಿವಿಗೆ ದಂಡ ಎಂಬ ವಿಷಯದಲ್ಲಿ ಅವರದು ಕಠೋರ ಶಾಸನ. ಶುರುವಿನಲ್ಲೇ ವಿಷಯಕ್ಕೆ ಬರಬೇಕು. ಗಂಟಲು ಕೆರೆಯುವವರು, ತಡವರಿಸುವವರು, ತಮ್ಮ ಮಾತಿಗೆ ತಾವೇ ನಗುವವರು, ಒಂದು ಹೇಳಲು ಹೋಗಿ ಇನ್ನೊಂದರ ಬೆನ್ನು ಹತ್ತುವವರು ಸರ್ವಥಾ ವರ್ಜ್ಯ. ಪಾಸಾದವುಗಳನ್ನು ಮಾತ್ರ ಧಾರಾಳವಾಗಿ ಹಂಚುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ. ಸಾವಾದ ಮನೆಯೊಂದಕ್ಕೆ ಮಾತಾಡಿಸಲು ಹೋಗಿದ್ದಾಗ, ಅಳುತ್ತಿದ್ದ ಮಗನ ಕೈ ಹಿಡಿದುಕೊಂಡು, "ದುಃಖದ ಮೇಲೆ ಒಂದು ಸೊಗಸಾದ ಎಪಿಸೋಡಿದೆ, ಕಳಿಸ್ತೀನಿ, ಬಿಡುವಾದಾಗ ಕೇಳಿ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಿಚಿತ್ರವೆಂದರೆ ಆ ಮಗ ಕೇಳಿದನಂತೆ, ಸಮಾಧಾನವೂ ಆಯಿತಂತೆ.

ಇಂಥವರ ಹೆಂಡತಿ ನನ್ನ ಅಕ್ಕ. ಅವಳು ಶಿಶುವಿಹಾರದ ಟೀಚರು, ಮತ್ತು ಭಾವನ ಶಾಸನದ ಪ್ರಕಾರ ನೋಡಿದರೆ ಎಲ್ಲ ಅಪರಾಧಗಳ ಮೂರ್ತಿ. ಕೊಡೆ ಎಲ್ಲಿಟ್ಟೆ ಎಂದು ಕೇಳಿದರೆ ಆ ಕೊಡೆ ಕೊಂಡ ಅಂಗಡಿ, ಅಂಗಡಿಯವನ ತಾಯಿಯ ಮಂಡಿನೋವು, ಮಂಡಿನೋವಿಗೆ ತಾನು ಹೇಳಿದ ಎಣ್ಣೆ, ಇಷ್ಟೂ ಪುರಾಣ ಬಿಚ್ಚಿದ ಮೇಲೆ, "ಹ್ಞಾಂ, ಎಲ್ಲಿದ್ದೆ ನಾನು?" ಎಂದು ನಿಲ್ಲುತ್ತಿದ್ದಳು. ತಮಾಷೆ ಹೇಳುವ ಮುಂಚೆಯೇ ಅದಕ್ಕೆ ನಗಲು ಶುರುಮಾಡುತ್ತಿದ್ದಳು; ಕೊನೆಗೆ ತಮಾಷೆ ನಮಗೆ ತಲುಪದೆ ನಗು ಮಾತ್ರ ತಲುಪುತ್ತಿತ್ತು. ಭಾವನಿಗೆ ಇಯರ್‌ಫೋನಿನ ವೈರಿನ ಗುಂಡಿಯ ಮೇಲೆ ಎರಡು ಸಲ ಬೆರಳು ಬಡಿದು ಬೇಡದ ಮಾತನ್ನು ಹಾರಿಸಿ ಮುಂದಕ್ಕೆ ಹೋಗುವ ಅಭ್ಯಾಸ. ಅಕ್ಕ ಮಾತಾಡುವಾಗ ಅದೇ ಬೆರಳು ಅವರ ಮಂಡಿಯ ಮೇಲೆ ತಾನಾಗಿಯೇ ಟಕಟಕ ಅನ್ನುತ್ತಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ. ಅಕ್ಕನಿಗೆ ಇತ್ತು.

ಅವಳ ದನಿ ಒಡೆಯತೊಡಗಿದ್ದು ಯಾವಾಗಿನಿಂದ ಎಂದು ಆಮೇಲೆ ವೈದ್ಯರು ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮಕ್ಕಳ ಮುಂದೆ ದಿನವಿಡೀ ಗಂಟಲು ಹರಿದುಕೊಳ್ಳುವವಳಿಗೆ ದನಿ ಕಟ್ಟುವುದು ಏನು ಮಹಾ ಎಂದು ಅವಳೂ ಅಂದುಕೊಂಡಳು, ನಾವೂ ಅಂದುಕೊಂಡೆವು. ಕೊನೆಗೆ ಗೊತ್ತಾದಾಗ, ಗಂಟಲಿನ ಗೆಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿ ಇರಲಿಲ್ಲ. "ಜೀವಕ್ಕೆ ಭಯ ಇಲ್ಲ, ಆದ್ರೆ ದನಿ ಉಳಿಯಲ್ಲ. ಆಪರೇಷನ್‌ಗೆ ಮೊದಲು ಅವರ ಮಾತನ್ನ ಸ್ವಲ್ಪ ರೆಕಾರ್ಡ್ ಮಾಡಿಟ್ಟುಕೊಳ್ಳಿ" ಎಂದರು ವೈದ್ಯರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತ ಭಾವ, "ಜಡ್ಜಮ್ಮನ ನೆಗಡಿ ಗೊತ್ತಾಗತ್ತೆ ನಂಗೆ" ಎಂದಷ್ಟೇ ಹೇಳಿ ಮುಖ ಮುಚ್ಚಿಕೊಂಡರು.

ಆದರೆ ರೆಕಾರ್ಡಿಂಗ್ ಎಂಬ ಮಾತು ಅವರನ್ನು ಎಬ್ಬಿಸಿ ಕೂರಿಸಿತು. ಇದೊಂದು ವಿದ್ಯೆ ತನಗೆ ಗೊತ್ತು, ಇದೊಂದನ್ನಾದರೂ ಅವಳಿಗಾಗಿ ಚೆನ್ನಾಗಿ ಮಾಡಬೇಕು ಎಂಬ ಛಲ. ಒಳ್ಳೆಯ ಮೈಕು ತಂದರು. ಹಿಂಬದಿಯ ಕೋಣೆಯ ಕಿಟಕಿಗೆ ರಜಾಯಿ ಕಟ್ಟಿ, ಮೋಟಾರು ನಿಲ್ಲಿಸಿ, ಗೋಡೆಯ ಗಡಿಯಾರವನ್ನು ಅಡುಗೆಮನೆಗೆ ಸಾಗಿಸಿದರು. ಪ್ಲಾಸ್ಟರಿನ ದವಡೆಗಳ ಸಾಲುಗಳ ನಡುವೆ ಸ್ಟೂಲಿನ ಮೇಲೆ ಕುಳಿತ ಅಕ್ಕ ಸುತ್ತ ನೋಡಿ, "ರೀ, ಇಷ್ಟೊಂದು ಬಾಯಿ ನನ್ನೇ ನೋಡ್ತಾ ಇದ್ರೆ ನಾನು ಬಾಯಿ ಬಿಡೋದು ಹೇಗ್ರೀ?" ಎಂದಳು. ಆ ಒಡಕು ದನಿಯಲ್ಲೂ ಮಾತಿಗೆ ಮೊನಚಿತ್ತು.

ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ತಾವಿಬ್ಬರೂ ಮೊದಲು ಭೇಟಿಯಾದ ಪ್ರಸಂಗವನ್ನು ಹೇಳೆಂದು ಭಾವ ಕೇಳಿಕೊಂಡಿದ್ದರು. ನಮ್ಮ ಅಪ್ಪ ಬಚ್ಚಲಲ್ಲಿ ಬೀಳಿಸಿ ಮುರಿದುಕೊಂಡ ಹಲ್ಲಿನ ಸೆಟ್ಟನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಅಕ್ಕ ರಿಪೇರಿಗೆ ಹೋದದ್ದು, ಕರ್ಚೀಫು ಬಿಚ್ಚಿದರೆ ಅರ್ಧ ಸೆಟ್ಟು ಮನೆಯಲ್ಲೇ ಉಳಿದದ್ದು. ಅಕ್ಕ ಕರ್ಚೀಫಿನ ತನಕ ಬಂದವಳು ಅದರ ಅಂಚಿನ ಕಸೂತಿಗೆ ಹೊರಳಿ, ಅಲ್ಲಿಂದ ಕಸೂತಿ ಕಲಿಸಿದ ಅತ್ತೆಯ ಜಿಪುಣತನಕ್ಕೆ ಜಾರಿ, ಕೆಮ್ಮಿ, ನಕ್ಕು, "ಎಲ್ಲಿದ್ದೆ ನಾನು?" ಎಂದಳು. ಭಾವ ಕೈ ಎತ್ತಿ ವಿಷಯಕ್ಕೆ ಬಾ ಎಂದು ಸನ್ನೆ ಮಾಡಿದರು. "ಆ ಕೈ ಇಳಿಸ್ರೀ, ನಾನೇನು ಲಾರಿನಾ? ನನ್ನ ದನಿ, ನಾನು ಎಲ್ಲಿಗೆ ಬೇಕಾದ್ರೂ ಹೋಗ್ತೀನಿ" ಎಂದು ಗದರಿ, ತನ್ನ ಗದರಿಕೆಗೆ ತಾನೇ ನಗತೊಡಗಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವನೂ ನಕ್ಕರು, ಸದ್ದಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದು.

ಆಪರೇಷನ್ ಆಯಿತು. ಅಕ್ಕ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ, ಬಿಡುವಾದಾಗಲೆಲ್ಲ ಭಾವ ಎರಡೂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಅವಳ ದನಿಯನ್ನು ಅವರು ತಮ್ಮ ವೃತ್ತಿಯ ಶ್ರದ್ಧೆಯೆಲ್ಲವನ್ನೂ ಧಾರೆಯೆರೆದು ತಿದ್ದಿದರು. ಕೆಮ್ಮು ನೋವು ಕೊಡುತ್ತಿತ್ತು, ಅದನ್ನು ತೆಗೆದರು. ನಗು ಕಥೆಗೆ ಅಡ್ಡ ಬರುತ್ತಿತ್ತು, ತೆಗೆದರು. ತಡವರಿಕೆ, ಅಡ್ಡಕಥೆ, ತಮ್ಮ ಮೇಲಿನ ಗದರಿಕೆ, ಎರಡು ಮಾತಿನ ನಡುವಿನ ಮೌನ, ಎಲ್ಲವನ್ನೂ ಸವರಿ ಸವರಿ ನುಣುಪು ಮಾಡಿದರು. ಹೀಗೆ ಸಿದ್ಧವಾದ ಸಂಚಿಕೆಗಳು ಜಡ್ಜಮ್ಮನಿಗೂ ಸರಿದೊರೆಯಾಗಿವೆ ಎಂಬ ತೃಪ್ತಿಯಾದ ಮೇಲೆ, ಸೆಟ್ಟು ಹೊರಬಂದ ಮೇಲೆ ಅಚ್ಚಿನ ಚೂರುಗಳನ್ನು ಗುಡಿಸಿ ಹಾಕುವ ಕೈಯಭ್ಯಾಸದಲ್ಲೇ, ಮೂಲ ರೆಕಾರ್ಡಿಂಗುಗಳನ್ನು ಅಳಿಸಿಹಾಕಿದರು.

ಅಕ್ಕ ಮನೆಗೆ ಬಂದ ಮೇಲೆ ಒಂದು ಸಂಜೆ ನಮ್ಮನ್ನೆಲ್ಲ ಕೂರಿಸಿಕೊಂಡು ಅವುಗಳಲ್ಲೊಂದನ್ನು ಕೇಳಿಸಿದರು. ಹಲ್ಲಿನ ಸೆಟ್ಟಿನ ಕಥೆ ಸರಾಗವಾಗಿ ಹರಿದು, ಸೊಗಸಾಗಿ ಮುಗಿಯಿತು. ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ ರಂಧ್ರದ ಮೇಲೆ ತೆಳುಬಟ್ಟೆ ಕಟ್ಟಿಕೊಂಡು ಕುಳಿತಿದ್ದ ಅಕ್ಕ ಶಿಶುವಿಹಾರದಿಂದ ತಂದ ಸ್ಲೇಟಿನ ಮೇಲೆ ಬರೆದಳು: "ಚೆನ್ನಾಗಿದೆ. ಯಾರು ಇವರು?" ಭಾವ ತಮಾಷೆಯೆಂದುಕೊಂಡು ನಕ್ಕರು. ಅವಳು ಅಂಗೈಯಲ್ಲಿ ಒರೆಸಿ ಮತ್ತೆ ಬರೆದಳು: "ನನ್ನ ನಗು ಎಲ್ಲಿ?"

"ಅದು ಅಡ್ಡ ಬರ್ತಿತ್ತು ಅಂತ ತೆಗೆದೆ ಕಣೆ."

ಸ್ಲೇಟಿನ ಮೇಲೆ ಮತ್ತೆ: "ತೆಗೆದಿದ್ದು ಎಲ್ಲಿದೆ?"

ಅಕ್ಕ ಭಾವನ ಮುಖವನ್ನೇ ನೋಡಿದಳು, ಅರ್ಥ ಮಾಡಿಕೊಂಡಳು. ಹಿಂದಿನ ಅಕ್ಕನಾಗಿದ್ದರೆ ಮನೆಯ ಹೆಂಚು ಹಾರಿಹೋಗುವಂತೆ ಬೈದಿರುತ್ತಿದ್ದಳು. ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರು. ಅವಳು ಸ್ಲೇಟನ್ನು ಮೇಜಿನ ಮೇಲೆ ಕವುಚಿ ಇಟ್ಟು ಒಳಗೆ ಹೋದಳು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎನ್ನುವುದು ಚಿಂತೆಯಿಲ್ಲದವರ ಗಾದೆ. ಭಾವ ಕಂಪ್ಯೂಟರನ್ನು ಹೊತ್ತುಕೊಂಡು ಒಬ್ಬ ರಿಪೇರಿಯವನಿಂದ ಇನ್ನೊಬ್ಬನ ಬಳಿಗೆ ಅಲೆದರು. ಆಮೇಲೆ ನೆಂಟರಿಷ್ಟರ ಫೋನುಗಳಿಗೆ ಕೈಚಾಚಿದರು: ಎಲ್ಲಾದರೂ ಒಂದು ವಾಯ್ಸ್ ಮೆಸೇಜು, ಯಾವುದಾದರೂ ಹುಟ್ಟುಹಬ್ಬದ ವಿಡಿಯೋ. ನನ್ನಲ್ಲಿದ್ದದ್ದು, "ಭಾನುವಾರ ಬರ್ತೀಯೇನೋ, ಇಲ್ವೇನೋ?" ಎಂಬ ಒಂದೇ ವಾಕ್ಯ. ಅದನ್ನೂ ಇಸಿದುಕೊಂಡರು. ಶಿಶುವಿಹಾರದ ಆಟೋಟದ ದಿನದ ವಿಡಿಯೋವೊಂದರಲ್ಲಿ, ಸೀಟಿಯ ಸದ್ದಿನ ಹಿಂದೆ, ಯಾವುದೋ ಮಗು ಬಿದ್ದಾಗ ಅವಳು ನಕ್ಕಂತೆ ಏನೋ ಕೇಳಿಸುತ್ತದೆ. ಅದು ಅವಳದೋ ಇನ್ನೊಬ್ಬ ಟೀಚರದೋ ಖಚಿತವಿಲ್ಲ. ಅವರ ಬಲಗಿವಿಯಲ್ಲಿ ಈಗ ಅದೊಂದೇ. ಬೀಗದಣ್ಣ, ಜಡ್ಜಮ್ಮ ಎಲ್ಲರೂ ದೂರವಾದರು. "ಹಲ್ಲಿನ ಸೆಟ್ ಮಾಡುವಾಗ ಮುಂದಿನ ಒಂದು ಹಲ್ಲನ್ನ ಬೇಕಂತಲೇ ಚೂರು ಓರೆ ಇಡ್ತೀನಿ ಕಣಯ್ಯ" ಎಂದರು ಒಂದು ದಿನ ನನ್ನೊಡನೆ. "ತೀರಾ ಸಾಲಾಗಿದ್ರೆ ಸುಳ್ಳು ಹಲ್ಲು ಅಂತ ಎಂಥವರಿಗೂ ಗೊತ್ತಾಗಿಬಿಡತ್ತೆ. ಇಷ್ಟು ವರ್ಷ ಅದನ್ನೇ ಮಾಡಿದವನಿಗೆ, ಅವಳ ದನಿ ಮುಂದೆ ಕೂತಾಗ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?" ನನಗೆ ಅವರ ಮೇಲೆ ಸಿಟ್ಟಿತ್ತು, ಅವರನ್ನು ನೋಡಿದರೆ ಮರುಕವೂ ಆಗುತ್ತಿತ್ತು.

ಮೊನ್ನೆ ಮಧ್ಯಾಹ್ನ ಅವರ ಕೋಣೆಯಲ್ಲಿ ಕುಳಿತಿದ್ದಾಗ, "ಅವಳ ನಗು ಹೇಗೆ ಶುರುವಾಗ್ತಿತ್ತು, ನಿಂಗೆ ನೆನಪಿದೆಯೇನಯ್ಯ? ಸ್ವಲ್ಪ ಮಾಡಿ ತೋರ್ಸು" ಎಂದರು. ನಾನು ಪ್ರಯತ್ನಪಟ್ಟೆ. ನನ್ನ ಗಂಟಲಿಂದ ಹೊರಟದ್ದು ಮೇಕೆಯ ದನಿ. ಭಾವ ಇದಲ್ಲವೆಂದು ತಲೆಯಾಡಿಸಿ, ಫೋನನ್ನು ಕಿವಿಗೊತ್ತಿ ಆ ವಿಡಿಯೋವನ್ನು ಮತ್ತೆ ಹಚ್ಚಿದರು. ಅಷ್ಟರಲ್ಲಿ ಟೀ ತಂದು ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಮೇಕೆದನಿಯನ್ನು ಕೇಳಿಸಿಕೊಂಡಿದ್ದಳು. ಅವಳು ನಕ್ಕಳು. ಕಣ್ಣು ಮುಚ್ಚಿ, ತಟ್ಟೆಯೊಡನೆ ಭುಜಗಳು ಕುಲುಕಿ, ಲೋಟಗಳು ತುಳುಕಿ, ಕುತ್ತಿಗೆಯ ಬಟ್ಟೆಯ ಕೆಳಗಿಂದ ಬರೀ ಗಾಳಿ ಸುಯ್ಯೆಂದು ಹೊರಡುವ ನಗು. ಭಾವ ತಲೆ ಬಗ್ಗಿಸಿ ಕೇಳುತ್ತಿದ್ದವರು, ಸದ್ದು ಮಾಡಬೇಡಿ ಎಂದು ನಮ್ಮತ್ತ ಬೆರಳೆತ್ತಿದರು. ನಾನು ಅವರ ಭುಜ ಅಲುಗಿಸಿ ತೋರಿಸುವಷ್ಟರಲ್ಲಿ ಅವಳ ನಗು ಮುಗಿದಿತ್ತು. "ನಕ್ಕಳಾ? ಯಾವಾಗ?" ಎಂದರು ಭಾವ.

ಇಂಥ ರಸಿಕರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರನ್ನು ಕಲ್ಲೆದೆಯವರೆಂದು ಜರೆಯುವುದು ಸುಲಭ, ಆದರೆ ಅನ್ಯಾಯ; ಮುಖ ನೋಡದವರ ನೆಗಡಿಗೂ ಮರುಗುವ ಮನಸ್ಸು ಅವರದು. ಲೋಕದಲ್ಲಿ ಉತ್ತಮವಾದದ್ದನ್ನೇ ಕೇಳಬೇಕು, ಉತ್ತಮವಾದದ್ದನ್ನೇ ಉಳಿಸಬೇಕು ಎಂಬ ಅವರ ಹಂಬಲದಲ್ಲಿ ಕಪಟವಿಲ್ಲ. ಆದರೆ ಜೊತೆಯಲ್ಲಿ ಬಾಳಿದವರನ್ನು ಅವರ ಉತ್ತಮವಾದದ್ದಕ್ಕಾಗಿ ನಾವು ಹಂಬಲಿಸುವುದು ಅಪರೂಪ. ಅಡ್ಡ ಬರುತ್ತಿದ್ದ ಕೆಮ್ಮು, ದಾರಿ ತಪ್ಪಿದ ಕಥೆ, ಹೊತ್ತುಗೊತ್ತಿಲ್ಲದ ಬೈಗುಳ, ಇವುಗಳಿಗಾಗಿಯೇ ಮನೆ ಕಿವಿಗೊಟ್ಟು ಕೂರುತ್ತದೆ. ಇದು ರಸಿಕರಿಗೂ ಒಂದಲ್ಲ ಒಂದು ದಿನ ತಿಳಿಯುತ್ತದೆ. ತಿಳಿಯುವ ಹೊತ್ತಿಗೆ ಅವರು ಶುದ್ಧಪ್ರತಿಯನ್ನು ಸಿದ್ಧಮಾಡಿ ಮುಗಿಸಿರುತ್ತಾರೆ.