ಕ್ಲಾರಿನೆಟ್ ಕಚ್ಚಿದ ಹಲ್ಲು

ಕೊಬ್ಬರಿ ಎಣ್ಣೆ ಸವರಿದ ಹಳೆಯ ಕಪ್ಪು ಮರದ ವಾಸನೆ. ವಸಡು ಸೀಳಿಕೊಂಡು ಹೊರಗೆ ಬಂದಾಗ ನನಗೆ ಮೊದಲು ಸಿಕ್ಕಿದ್ದು ಅದೇ. ನಾನು ಒಂದು ಹಲ್ಲು, ಗಂಗಾವತಿಯ ಬ್ಯಾಂಡ್ ಮೇಳದ ಯಮನೂರಪ್ಪ ಭಜಂತ್ರಿಯ ಮೇಲ್ಸಾಲಿನ ಮುಂದಿನ ಹಲ್ಲು. ಆಗ ಅವನಿಗೆ ಏಳು ವರ್ಷ. ನಾನು ಇನ್ನೂ ಅರ್ಧ ಇಣುಕುತ್ತಿದ್ದಾಗಲೇ ಅವನ ಅಪ್ಪ ತನ್ನ ಕ್ಲಾರಿನೆಟ್ಟನ್ನು ಅವನ ಬಾಯಿಗಿಟ್ಟು, "ಮ್ಯಾಲಿನ ಹಲ್ಲು ಊರಪಾ, ಅಲುಗಬಾರದು" ಎಂದಿದ್ದ.

ಮೂವತ್ತೈದು ವರ್ಷ ಆ ಕೊಳವೆ ನನಗೆ ಒತ್ತಿಕೊಂಡೇ ಇತ್ತು. ನನ್ನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ತಗ್ಗು ಬಿತ್ತು. ಕೊಳವೆ ಆ ತಗ್ಗಿನಲ್ಲಿ ಕೂತರೆ ಮಾತ್ರ ಅವನ ಸ್ವರ ನಡುಗುತ್ತಿರಲಿಲ್ಲ. ಮದುವೆಯಲ್ಲಿ ಹೆಣ್ಣು ಕಳಿಸುವ ಹೊತ್ತಿಗೆ ಯಮನೂರಪ್ಪನೇ ಊದಬೇಕೆಂದು ಜನ ಹುಡುಕಿಕೊಂಡು ಬರುತ್ತಿದ್ದರು.

ಒಂದು ಮೆರವಣಿಗೆಯಲ್ಲಿ ಕುಣಿಯುತ್ತಿದ್ದವನ ಮೊಣಕೈ ಕ್ಲಾರಿನೆಟ್ಟಿಗೆ ಬಡಿಯಿತು. ನನ್ನ ಮೂಲೆ ಹಾರಿತು. ಮೈಮೇಲೆ ಕೂದಲೆಳೆಯಂಥ ಬಿರುಕು ಬಿತ್ತು.

ಬಸ್ ಸ್ಟ್ಯಾಂಡ್ ಹತ್ತಿರದ ದಂತವೈದ್ಯರು ಒಳ್ಳೆಯವರೇ. ನನ್ನನ್ನು ತೊಳೆದು ಒಣಗಿಸಿ, ಹಲ್ಲಿನ ಬಣ್ಣದ ಲೇಪವನ್ನು ಪದರ ಪದರವಾಗಿ ಕಟ್ಟಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಕೊರತೆಯೆಂದು ತಿಳಿದು ಆ ತಗ್ಗನ್ನೂ ತುಂಬಿಬಿಟ್ಟರು.

ಮರುದಿನದ ಮದುವೆಯಲ್ಲಿ ಕ್ಲಾರಿನೆಟ್ ಕಿರುಚಿತು. ಡೋಲು ಬಾರಿಸುವ ಹುಸೇನಸಾಬ ನಕ್ಕ. "ಏನೋ ಯಮನೂರಾ, ಹೆಣ್ಣ ಕಳಸಾಕತ್ತೀಯೋ, ಕಾಗಿ ಓಡಸಾಕತ್ತೀಯೋ?"

ಕ್ಲಾರಿನೆಟ್ಟಿನ ಬಾಯಲ್ಲಿ ಕಂಪಿಸಿ ಸ್ವರ ಹೊರಡಿಸುವ ಬೆತ್ತದ ಸೀಳು ದಪ್ಪವಾದರೆ ಉಪ್ಪುಕಾಗದದಿಂದ ಉಜ್ಜಿ ತೆಳು ಮಾಡುವುದು ಬ್ಯಾಂಡಿನವರ ರೂಢಿ. ಯಮನೂರಪ್ಪ ಅದೇ ಕಾಗದದಿಂದ ನನ್ನನ್ನು ಉಜ್ಜಿದ. ಕನ್ನಡಿ ಹಿಡಿದು ನಿಂತ ಹೆಂಡತಿ ಈರವ್ವ, "ಡಾಕ್ಟರ್‌ನ ಒಂದ್ ಮಾತ್ ಕೇಳಬಾರದ?" ಎಂದಳು.

"ಡಾಕ್ಟರಗೇನು ಊದಾಕ ಬರತೈತೇನ?"

ತಗ್ಗು ಮರಳಿತು, ಸ್ವರವೂ ಮರಳಿತು. ಆದರೆ ಕಾಗದ ಲೇಪದ ಜೊತೆ ನನ್ನ ಗಟ್ಟಿ ಹೊರಪದರವನ್ನೂ ತಿಂದಿತ್ತು. ಬಿರುಕು ಸದ್ದಿಲ್ಲದೆ ನರಕ್ಕೆ ಇಳಿಯಿತು. ನಾನು ಬೂದು ಬಣ್ಣಕ್ಕೆ ತಿರುಗಿದೆ.

ಈ ಸಲ ಅವನು ಹೋದದ್ದು ಕೊಪ್ಪಳದ ದಂತವೈದ್ಯೆ ಡಾಕ್ಟರ್ ನಸೀಮಾ ಹತ್ತಿರ. ಅವರು ಅವನಿಂದ ಕ್ಲಾರಿನೆಟ್ಟನ್ನೇ ತರಿಸಿದರು. "ಒಂದ್ ಸಲ ಊದ್ರಿ, ಎಲ್ಲಿ ಕೂಡತೈತಿ ನೋಡ್ತೀನಿ." ಸತ್ತ ನರ ತೆಗೆದು, ಒಳಗೆ ಮದ್ದು ತುಂಬಿ, ಆಸರೆಗೆ ಗಾಜಿನ ನಾರಿನ ಕಡ್ಡಿಯೊಂದನ್ನು ನಿಲ್ಲಿಸಿ, ಮೇಲೆ ಪಿಂಗಾಣಿಯ ಟೋಪಿ ತೊಡಿಸಿದರು. ಟೋಪಿಯ ಅಂಚಿನಲ್ಲಿ ಅದೇ ಅಕ್ಕಿಕಾಳಿನ ತಗ್ಗು. ಯಾರೂ ಅವರನ್ನು ಅಷ್ಟು ಕೇಳಿರಲಿಲ್ಲ.

ಹಾಗೆ ಎರಡು ವರ್ಷದ ಮದುವೆ ಹಂಗಾಮು ಬಾಳಿದೆ. ಆಮೇಲೆ ಬಿರುಕು ಬುಡ ಮುಟ್ಟಿತು.

"ಹಲ್ಲಿನ ಬೇರ ಸೀಳೈತ್ರಿ. ತೆಗೀಬೇಕು" ಎಂದರು ನಸೀಮಾ.

"ಕಟ್ಟಿಸಿದ ಹಲ್ಲಿನ್ಯಾಗ ಊದಬಹುದಲ್ರಿ ಅಕ್ಕಾರ?"

ಅವರು ಸುಳ್ಳು ಹೇಳಲಿಲ್ಲ. "ಮೊದಲಿನಂಗ ಆಗೂದಿಲ್ರಿ." ನನ್ನನ್ನು ಕೀಳುವಾಗ ಅವರ ಎಡಗೈ ಅವನ ಹಣೆಯ ಮೇಲೆ ಮೆತ್ತಗೆ ಇತ್ತು.

ಈಗ ನಾನು ಹತ್ತಿಯಲ್ಲಿ ಸುತ್ತಿಕೊಂಡು ಅವನ ಅಂಗಿಯ ಜೇಬಿನಲ್ಲಿದ್ದೇನೆ. ನನಗೆ ತೊಡಿಸಿದ ಪಿಂಗಾಣಿಗೆ ಒಂದು ಗೀರೂ ಬಿದ್ದಿಲ್ಲ, ಕಡ್ಡಿಯೂ ಗಟ್ಟಿಯಾಗಿದೆ. ಮುರಿದದ್ದು ನಾನು ಮಾತ್ರ.

ಇವತ್ತಿನ ಮದುವೆಯಲ್ಲಿ ಕ್ಲಾರಿನೆಟ್ ಊದಿದವನು ಮಾನ್ವಿಯಿಂದ ಹೊಸದಾಗಿ ಬಂದ ಫಕೀರಪ್ಪ. ಯಮನೂರಪ್ಪನಿಗೆ ತಾಳ ಕೊಟ್ಟಿದ್ದರು. ಹೆಣ್ಣು ಕಳಿಸುವಾಗ ಅವನು ಎರಡು ಸಲ ಪೆಟ್ಟು ತಪ್ಪಿದ. ಊಟದ ಕೊನೆಯ ಪಂಕ್ತಿಗೆ ಮೇಳದವರೆಲ್ಲರೂ ಎದ್ದು ಹೋದರೂ ಅವನು ಬಾತ ಬಾಯಿಗೆ ಟವೆಲ್ ಒತ್ತಿಕೊಂಡು ಗೋಡೆಗೊರಗಿ ಕೂತೇ ಇದ್ದ.

ಸ್ವಲ್ಪ ಹೊತ್ತಿಗೆ ಫಕೀರಪ್ಪ ಬಂದ. ಹಾಲು ಹಾಕಿ ನುಣ್ಣಗೆ ಹಿಸುಕಿದ ಅನ್ನದ ತಟ್ಟೆಯನ್ನು ಅವನ ಕೈಗೆ ಕೊಟ್ಟ.