ಸಾಧ್ಯತೆ ಕಡಿಮೆ

“ಇದೇನಮ್ಮ ಶ್ರಾವ್ಯ? ಸರಿಯಾಗಿ ನೋಡಿ ಹೇಳು. ಎಲ್ರೂ ನಾನೇ ತಂದಿದ್ದು ಅಂತಿದಾರೆ.”

ಅಖ್ತರ್ ಅಂಕಲ್ ಕಾಲುವೆಯ ಅಂಚಿನಿಂದ ಬೇರುಸಮೇತ ಕಿತ್ತ ಜೊಂಡಿನ ಬುಡವೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕಪ್ಪು ಕೆಸರು ಅವರ ಸ್ವೆಟರಿನ ತೋಳಿನೊಳಕ್ಕೆ ಇಳಿಯುತ್ತಿತ್ತು. ಶ್ರಾವ್ಯ ಒಂದು ಎಲೆಯನ್ನು ಹೆಬ್ಬೆರಳಿನ ಉಗುರಿಗೆ ಒತ್ತಿ ಎಳೆದಳು. ಟೊಳ್ಳು ಎಲೆಯೊಳಗಿನ ಅಡ್ಡತಡಿಕೆಗಳು ಒಂದೊಂದಾಗಿ ಉಗುರಿಗೆ ತಾಕಿದವು. ತುದಿಯಲ್ಲಿ ಕಡುಕಂದು ಬಣ್ಣದ ಪುಟ್ಟ ಹೂಗುಂಡುಗಳು. ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ಅವಳು ಪಿಎಚ್‌ಡಿ ಮಾಡುತ್ತಿರುವುದೇ ಈ ಜೊಂಡಿನ ಮೇಲೆ. ದಕ್ಷಿಣ ಅಮೆರಿಕದ ಜೌಗುನೆಲದ ಗಿಡ. ಅಲ್ಲಿ ಎಲ್ಲೆಲ್ಲಿ ಬೆಳೆಯುತ್ತದೆಂದು ಹುಡುಕಿ ಹೋಗಿ ನಕ್ಷೆಯಲ್ಲಿ ಚುಕ್ಕೆ ಇಡುವುದು ಅವಳ ಕೆಲಸ. ಆ ನಕ್ಷೆಯಲ್ಲಿ, ಅವರಿಬ್ಬರೂ ಈಗ ನಿಂತಿದ್ದ ಡಚ್ಚರ ನಾಡಿನ ಡೀಮೆನ್ ಎಂಬ ಊರಿಗೆ ಜಾಗವೇ ಇರಲಿಲ್ಲ.

“ಲ್ಯಾಬಲ್ಲಿ ನೋಡ್ಬೇಕು ಅಂಕಲ್. ಹಂಗೇ ಹೇಳಕ್ಕಾಗಲ್ಲ,” ಎಂದಳು.

“ನೋಡು, ನಿಧಾನವಾಗಿ ನೋಡು. ನನಗೇನು ಅವಸರ? ಅವಸರ ಇರೋದು ವಿಲ್ಮಾಗೆ,” ಎಂದು ಅವರು ನಕ್ಕರು. ನಗು ಅವರ ಮುಖದಲ್ಲಿ ನಿಲ್ಲಲಿಲ್ಲ.

ವಿಲ್ಮಾ ಈ ತೋಟಗಳ ಸಂಘದ ಅಧ್ಯಕ್ಷೆ. ಮೆಟ್ರೋ ಹಳಿಯಾಚೆ ಕಾಲುವೆಗುಂಟ ಸಣ್ಣ ಸಣ್ಣ ತುಂಡು ನೆಲ. ಫ್ಲಾಟಿನಲ್ಲಿರುವವರು ಬಾಡಿಗೆಗೆ ಹಿಡಿದು ತರಕಾರಿ ಬೆಳೆದುಕೊಳ್ಳುತ್ತಾರೆ. ಒಂದು ತುಂಡು ಸಿಗಲು ವರ್ಷಗಟ್ಟಲೆ ಕಾಯಬೇಕು, ಕಳೆದುಕೊಳ್ಳಲು ಒಂದು ಸಂಜೆಯ ಮೀಟಿಂಗ್ ಸಾಕು. ಮಾಗಡಿಯ ಅಖ್ತರ್ ಅಂಕಲ್ ಅಲ್ಲಿ ಅವರೆ ಬೆಳೆಯುವ ಹಟ ಹಿಡಿದಿದ್ದರು. ಬೀಜ ಅವರ ಅಕ್ಕ ಕಳಿಸುವುದು. ಬಳ್ಳಿ ಪ್ರತಿವರ್ಷ ಚೆನ್ನಾಗಿಯೇ ಹಬ್ಬಿ, ಹೂ ಬಿಡುವ ಹೊತ್ತಿಗೆ ಚಳಿ ಬಂದು ಕರಕಲಾಗುತ್ತಿತ್ತು. ಈ ಸಲ ಅವರು ಪ್ಲಾಸ್ಟಿಕ್ ಹೊದಿಸಿದ ಗೂಡು ಕಟ್ಟಿ, ಒಳಗೆ ಹಬ್ಬಿಸಿ, ಕಡೆಗೂ ಹೂ ಕಂಡಿದ್ದರು. ಆ ಹೂವಿನ ಫೋಟೋ ಮಾಗಡಿಯ ಅರ್ಧ ಊರಿಗೆ ಹೋಗಿತ್ತು.

ಶ್ರಾವ್ಯಳಿಗೆ ಅವರ ಪರಿಚಯವಾದದ್ದು ಟ್ರಾಮಿನಲ್ಲಿ. ಗುಬ್ಬಿಯಲ್ಲಿರುವ ಅಮ್ಮನ ಜೊತೆ ಫೋನಿನಲ್ಲಿ ಅಳುತ್ತಾ ಮಾತಾಡುತ್ತಿದ್ದವಳನ್ನು, “ಯಾವೂರಮ್ಮ ನಿಂದು? ಊಟ ಆಯ್ತಾ?” ಎಂದು ಕೇಳಿದವರು ಅವರು. ಅವತ್ತಿನಿಂದ ಭಾನುವಾರದ ಊಟ ಅವರ ತೋಟದ ಗುಡಿಸಲಿನಲ್ಲೇ. ಅವರ ಹೆಂಡತಿ ನಸೀಮಾ ಆಂಟಿ ಅವಳಿಗೆಂದೇ ಬೇರೆ ಪಾತ್ರೆಯಲ್ಲಿ ತರಕಾರಿ ಪಲಾವ್ ಮಾಡಿ ತರುತ್ತಿದ್ದರು.

ಹೋದ ವರ್ಷ ಫೆಬ್ರವರಿಯ ಒಂದು ಭಾನುವಾರವೂ ಹಾಗೇ ಆಗಿತ್ತು. ಚಿಲಿಯ ಜೌಗಿನಲ್ಲಿ ತಿಂಗಳುಗಟ್ಟಲೆ ಅಲೆದು ಬಂದವಳು, ವಿಮಾನ ಇಳಿದವಳೇ ಊಟಕ್ಕೆ ಓಡಿದ್ದಳು. ಸೂಟ್‌ಕೇಸಿನ ತೂಕ ಉಳಿಸಲು ಕೆಸರು ಬೂಟನ್ನು ಕಾಲಿಗೇ ಹಾಕಿಕೊಂಡಿದ್ದಳು. ಗುಡಿಸಲಿನೊಳಗೆ ಅಂಕಲ್ ನಮಾಜು ಮಾಡುವ ಚಾಪೆ ಹಾಸಿರುತ್ತದೆ. ಆ ಜಾಗಕ್ಕೆ ಕೆಸರು ಒಯ್ಯಬಾರದೆಂದು ಅವಳು ಕಾಲುವೆಯ ಅಂಚಿನಲ್ಲಿ ಕೂತು ಬೂಟು ಉಜ್ಜಿದಳು. ಅಂಕಲ್ ತಾವೇ ಮಗ್ಗಿನಲ್ಲಿ ನೀರೆತ್ತಿ ಹೊಯ್ದರು. “ಇನ್ನೊಂಚೂರು ಇದೆ ನೋಡು, ಹಿಮ್ಮಡೀಲಿ,” ಎಂದು ತೋರಿಸಿಯೂ ಕೊಟ್ಟರು.

ಆ ಜೊಂಡಿನ ಬೀಜ ಧೂಳಿನಷ್ಟು ಸಣ್ಣದು. ಒದ್ದೆಯಾದರೆ ಅಂಟಂಟಾಗಿ ಹಕ್ಕಿಯ ಕಾಲಿಗೋ ದನದ ಗೊರಸಿಗೋ ಹತ್ತಿಕೊಂಡು ದೇಶಾಂತರ ಹೋಗುತ್ತದೆ, ಹೋದಲ್ಲಿನ ಗಿಡಗಳನ್ನು ಒತ್ತರಿಸಿ ನೀರಿನಂಚನ್ನೆಲ್ಲ ಆಕ್ರಮಿಸುತ್ತದೆ. ಹಾಗೆ ಹೋಗಬಾರದೆಂದೇ ಹೊರಗಿನ ಜೌಗು ಮೆಟ್ಟಿದ ಬೂಟು ನೇರ ಲ್ಯಾಬಿಗೆ ಬಂದು ಔಷಧಿ ನೀರಿನಲ್ಲಿ ನೆನೆಯಬೇಕು. ಈ ನಿಯಮವನ್ನು ಹೊಸ ವಿದ್ಯಾರ್ಥಿಗಳಿಗೆ ಹೇಳಿಕೊಡುವವಳು ಶ್ರಾವ್ಯಳೇ. ಹೇಳುವಾಗ ಅವಳ ದನಿ ಸ್ವಲ್ಪ ಜೋರಾಗಿಯೇ ಇರುತ್ತದೆ.

ಮೀಟಿಂಗ್ ಆದದ್ದು ಸಂಘದ ಕ್ಯಾಂಟೀನಿನಲ್ಲಿ. ಅಂಕಲ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಶ್ರಾವ್ಯಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. “ನಮ್ಮ ಹುಡುಗಿ, ಇದರ ಮೇಲೇ ಪಿಎಚ್‌ಡಿ,” ಎಂದು ಎಲ್ಲರಿಗೂ ಡಚ್ಚಿನಲ್ಲಿ ಪರಿಚಯಿಸಿದರು. ಅವಳಿಗೆ ಕೂತ ಕುರ್ಚಿಯೇ ಮುಳ್ಳಾಗಿತ್ತು. ಹೇಳಿಬಿಡಬೇಕೆಂದು ಮನಸ್ಸು ಮಾಡಿಯೇ ಬಂದಿದ್ದಳು. ಆದರೆ ಮೇಜಿನ ಸುತ್ತ ಕೂತ ಆ ಸಭ್ಯ ಮುಖಗಳನ್ನು ನೋಡಿದೊಡನೆ, ಇವರು ಯೂನಿವರ್ಸಿಟಿಗೆ ತಿಳಿಸುತ್ತಾರೆ, ಪ್ರೊಫೆಸರು ಕರೆಸುತ್ತಾರೆ, ಕಡೆಯ ವರ್ಷದಲ್ಲಿ ಇದೆಲ್ಲ ಬೇಕಾ ಎಂದು ನಾಲಿಗೆ ಒಳಗೆಳೆದುಕೊಂಡಿತು.

ಅವಳು ಚೆನ್ನಾಗಿಯೇ ಮಾತಾಡಿದಳು. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಇಷ್ಟೊಂದು ಓದಬೇಕು ನೋಡಿ. ಹಕ್ಕಿ ತಂದಿರಬಹುದು, ನರ್ಸರಿಯ ಕುಂಡದ ಮಣ್ಣಿನಲ್ಲಿ ಬಂದಿರಬಹುದು, ಯಾರದೋ ಬೂಟಿಗೆ ಅಂಟಿ ಬಂದಿರಬಹುದು. ಯಾವುದೂ ಸುಳ್ಳಲ್ಲ.

ವಿಲ್ಮಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕನ್ನಡಕ ತೆಗೆದು ಒಂದೇ ಪ್ರಶ್ನೆ ಹಾಕಿದಳು. ಭಾರತದಿಂದ ತರಿಸುವ ತರಕಾರಿ ಬೀಜದ ಜೊತೆ ಇದು ಬಂದಿರಲು ಸಾಧ್ಯವೇ?

ಇಲ್ಲ ಎನ್ನಬೇಕಿತ್ತು. ಮಾಗಡಿಯ ಅವರೆಕಾಳಿಗೂ ಚಿಲಿಯ ಜೊಂಡಿಗೂ ಎತ್ತಣಿಂದೆತ್ತ ಸಂಬಂಧ? ಆದರೆ ಇಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ಶ್ರಾವ್ಯಳಿಗೆ ಗೊತ್ತಿತ್ತು. ಹಾಗಾದರೆ ದಕ್ಷಿಣ ಅಮೆರಿಕಕ್ಕೆ ಹೋಗಿಬಂದವರು ಇಲ್ಲಿ ಯಾರಿದ್ದಾರೆ?

“ಸಾಧ್ಯತೆ ಕಡಿಮೆ,” ಎಂದಳು.

ವಿಲ್ಮಾ ತಲೆಯಾಡಿಸಿದಳು. ಈ ಸಲ ಎಚ್ಚರಿಕೆ ಕೊಟ್ಟು ಬಿಡುವುದೆಂದೂ, ಗಿಡವನ್ನು ಅಖ್ತರ್ ಅವರೇ ಬುಡಸಮೇತ ತೆಗೆಸಬೇಕೆಂದೂ ತೀರ್ಮಾನವಾಯಿತು. ತೋಟ ಉಳಿಯಿತು. ಹೊರಗೆ ಬಂದಮೇಲೆ ಅಂಕಲ್ ಅವಳ ತಲೆ ಸವರಿ, “ನೀನಿಲ್ದಿದ್ರೆ ನನ್ನ ಕತೆ ಮುಗೀತಿತ್ತು ಕಣಮ್ಮ,” ಎಂದರು. ಅವಳು ಆ ಕೈಯನ್ನು ತಲೆಯ ಮೇಲೆ ಹಾಗೇ ಇರಗೊಟ್ಟಳು. ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳಲೂ ಅವಳಿಗೆ ಅಸಹ್ಯವಾಯಿತು.

ಮುಂದಿನ ಭಾನುವಾರ ಅವಳು ಹೋಗಬಾರದೆಂದುಕೊಂಡು, ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದಳು. ಗೇಟಿನಿಂದಲೇ ಏನೋ ಸರಿಯಿಲ್ಲವೆನಿಸಿತು. ಪ್ಲಾಸ್ಟಿಕ್ ಗೂಡು ಇರಲಿಲ್ಲ. ಹರಿವೆಯ ಪಾತಿ ಇರಲಿಲ್ಲ, ಮೆಂತ್ಯದ ಪಾತಿ ಇರಲಿಲ್ಲ. ಮಣ್ಣನ್ನೆಲ್ಲ ಅಗೆದು ಮಟ್ಟ ಮಾಡಲಾಗಿತ್ತು. ಗುಡಿಸಲಿನ ಮುಂದೆ ಅವರೆಬಳ್ಳಿಯ ದೊಡ್ಡ ರಾಶಿ ಬಾಡಿ ಬಿದ್ದಿತ್ತು. ನಸೀಮಾ ಆಂಟಿ ಅದರ ಪಕ್ಕ ಮಣೆ ಹಾಕಿಕೊಂಡು, ಇನ್ನೂ ಕಾಳು ಕಟ್ಟದ ಎಳೆಕಾಯಿಗಳನ್ನು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು.

“ಯಾಕೆ ಅಂಕಲ್? ತೋಟ ನಿಮಗೇ ಬಿಟ್ಟಿದಾರಲ್ಲ, ಎಚ್ಚರಿಕೆ ಅಷ್ಟೇ ಅಲ್ವಾ?”

ಅಖ್ತರ್ ಅಂಕಲ್ ಸಲಿಕೆ ಊರಿ ನಿಂತರು. “ನೀನೇ ಹೇಳಿದ್ಯಲ್ಲಮ್ಮ, ಸಾಧ್ಯತೆ ಕಡಿಮೆ ಅಂತ. ನಾನು ಇಷ್ಟು ವರ್ಷ ಫ್ಯಾಕ್ಟರೀಲಿ ಕ್ವಾಲಿಟಿ ಚೆಕ್ ಮಾಡಿರೋನು. ಕಡಿಮೆ ಅಂದ್ರೆ ಇದೆ ಅಂತ ಅರ್ಥ. ಇವತ್ತು ಜೊಂಡು ಬಂತು, ನಾಳೆ ಇನ್ನೊಂದು ಬರುತ್ತೆ. ಇವರ ನೀರು, ಇವರ ನೆಲ. ನಮ್ಮ ಬಾಯಿಚಪಲಕ್ಕೆ ಹಾಳು ಮಾಡೋದಾ? ನಾಚಿಕೆ ಆಗೋಯ್ತು ನನಗೆ.”

“ಅಕ್ಕಂಗೂ ಫೋನ್ ಮಾಡಿದ್ರು,” ಎಂದರು ನಸೀಮಾ ಆಂಟಿ ತಲೆಯೆತ್ತದೆ. “ಇನ್ಮೇಲೆ ಬೀಜ ಕಳಿಸ್ಬೇಡ ಅಂದ್ಬಿಟ್ರು. ಪಾಪ, ಏನು ತಪ್ಪಾಯ್ತಪ್ಪ ಅಂತ ಅತ್ರಂತೆ ಅವ್ರು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಕದ್ದವನು. ಇಲ್ಲಿ ಕದಿಯದ ಮನುಷ್ಯ ಹೆಗಲನ್ನು ಉಜ್ಜಿ ಉಜ್ಜಿ ತೊಳೆದುಕೊಂಡಿದ್ದರು. ಮಾತು ಎಲ್ಲಿಂದ ಹೊರಟಿತೆಂದು ಶ್ರಾವ್ಯಳಿಗೇ ತಿಳಿಯಲಿಲ್ಲ.

“ಅದು ನನ್ನ ಬೂಟಿಂದ ಬಂದಿದ್ದು ಅಂಕಲ್. ಚಿಲಿಯಿಂದ ಬಂದ ದಿನ ಇಲ್ಲೇ ಕೂತು ತೊಳೆದೆ, ನೀವೇ ನೀರು ಹಾಕಿದ್ರಿ. ಅದು ಆ ಕಡೆ ಗಿಡ. ಇಂಡಿಯಾದಿಂದ ಬರಕ್ಕೆ ಚಾನ್ಸೇ ಇಲ್ಲ. ನಿಮ್ಮ ಬೀಜದ್ದು ಏನೂ ತಪ್ಪಿಲ್ಲ.”

ನಸೀಮಾ ಆಂಟಿಯ ಕೈ ನಿಂತಿತು. ಅಂಕಲ್ ಕಾಲುವೆಯ ಕಡೆ ನೋಡಿದರು, ಬಳ್ಳಿಯ ರಾಶಿಯ ಕಡೆ ನೋಡಿದರು.

“ಯಾವಾಗ ಗೊತ್ತಾಯ್ತು?”

“ನೀವು ಕಿತ್ತು ತಂದು ತೋರಿಸಿದ್ರಲ್ಲ, ಆಗ್ಲೇ.”

“ಮೀಟಿಂಗಿಗೆ ಮುಂಚೇನೆ?”

“ಹೂಂ.”

ಅವರು ಬೈಯಲೆಂದು ಅವಳು ಕಾದಳು. ಬೈದರೆ ಅತ್ತುಬಿಡಬಹುದಿತ್ತು. “ನಾಳೆ ವಿಲ್ಮಾಗೆ ಎಲ್ಲಾ ಹೇಳ್ತೀನಿ. ನಮ್ಮ ಪ್ರೊಫೆಸರಿಗೂ ಹೇಳ್ತೀನಿ. ಅಕ್ಕಂಗೆ ನಾನೇ ಫೋನ್ ಮಾಡ್ತೀನಿ ಅಂಕಲ್.”

“ಹೇಳಿ,” ಎಂದರು ಅವರು.

ಸಲಿಕೆಯನ್ನು ಗುಡಿಸಲಿನ ಗೋಡೆಗೆ ಒರಗಿಸಿದರು. ಅಂಗೈಗೆ ಮೆತ್ತಿದ್ದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡರು. ಒಳಗಿನಿಂದ ಕುರ್ಚಿಯೊಂದನ್ನು ತಂದು ಅವಳ ಮುಂದೆ ಹಾಕಿ, ಅದರ ಮೇಲಿನ ಧೂಳನ್ನು ಟವೆಲಿನಿಂದ ಹೊಡೆದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ಕೂತ್ಕೊಳ್ಳಿ. ಚಾ ಆಗಿದೆ, ಕುಡಿದು ಹೋಗಿ.”

ಹಿಂದೆ ಬೇರೆ ಯಾರೋ ಬಂದು ನಿಂತಿದ್ದಾರೇನೋ ಎಂದು ಶ್ರಾವ್ಯ ತಿರುಗಿ ನೋಡಿದಳು. ಗೇಟಿನವರೆಗೂ ಅಗೆದ ಮಣ್ಣಿತ್ತು.